ಎಡದಿಂದ ನಾಲ್ಕನೆಯವರು

ಆ ಗುರುವಾರ ಬೆಳಿಗ್ಗೆ ಮುದ್ದೇಬಿಹಾಳದ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಐದು ಜನ ಇದ್ದೆವು. ಜಮಖಾನದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕುಳಿತವರು ಇಂಡಿ ತಾಲೂಕಿನ ಕಡೆಯಿಂದ ಒಂದು ಚೀಲ ಲಿಂಬೆಹಣ್ಣಿನೊಂದಿಗೆ ಬಂದಿದ್ದ ಗುರುಪಾದಪ್ಪನವರು. ಮನೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ, ಮೊಣಕಾಲ ಮೇಲೆ ದೊಡ್ಡ ಪುಸ್ತಕ ಇಟ್ಟುಕೊಂಡು ಕುಳಿತವರು ದಿಲ್ಲಿಯ ಸಾಹೇಬರು. ಅಡುಗೆಮನೆಯ ಬಾಗಿಲಿನ ಆ ಕಡೆ, ಸೆರಗಿನ ಅಂಚು ಮಾತ್ರ ಕಾಣುವಂತೆ ನಮ್ಮ ಅತ್ತೆ, ಈ ಕಡೆ ಚಹಾದ ತಟ್ಟೆ ಹಿಡಿದು ನನ್ನ ಹೆಂಡತಿ ಶಾಂತಾ. ಐದನೆಯವನು ನಾನು. ಎಡಗಡೆಯ ಕಿಸೆಯಲ್ಲಿ ಒಂದು ಹೆಸರಿನ ಪಟ್ಟಿ, ಬಲಗಡೆಯ ಕಿಸೆಯಲ್ಲಿ ಇನ್ನೊಂದು ಹೆಸರಿನ ಪಟ್ಟಿ ಇಟ್ಟುಕೊಂಡು, ಯಾವುದನ್ನು ತೆಗೆದರೂ ಕೆಟ್ಟೆ ಎಂದು ಬೆವರುತ್ತ ಕಂಬ ಹಿಡಿದು ನಿಂತಿದ್ದೆ. ಗೋಡೆಯ ಮೇಲಿನ ಫೋಟೋದಲ್ಲಿ ಇನ್ನೂ ಒಂಬತ್ತು ಜನ ಇದ್ದರು. ಅವರಲ್ಲಿ ಒಬ್ಬರು ಜಮಖಾನದ ಮೇಲೂ ಇದ್ದರು. ನನ್ನ ಸಂಕಟಕ್ಕೆಲ್ಲ ಅದೇ ಕಾರಣ.

ನಾನು ಹುಟ್ಟಾ ಅಂಜುಬುರುಕ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾವು, ಕತ್ತಲೆ, ದೆವ್ವ ಇವುಗಳಿಗೆ ಅಂಜುವವರನ್ನು ಜನ ಅರ್ಥ ಮಾಡಿಕೊಳ್ಳುತ್ತಾರೆ. ನಾನು ಅಂಜುವುದು ತಪ್ಪು ಹೆಸರಿಗೆ. ಸರಕಾರಿ ಕಚೇರಿಯಲ್ಲಿ ಹಳೆಯ ಕಾಗದಪತ್ರ ಕಾಯುವ ಗುಮಾಸ್ತನಿಗೆ ಅದಕ್ಕಿಂತ ದೊಡ್ಡ ದೆವ್ವ ಇಲ್ಲ. ನಮ್ಮಲ್ಲಿ ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ಮೇಲೊಂದು ಚೀಟಿ ಅಂಟಿಸಿ ಗೋಡೆಯ ಮಾಡದಲ್ಲಿ ಇಡುತ್ತಾರೆ. ಗಂಟಿನೊಳಗೆ ಏನಿದೆಯೋ ಶಿವನಿಗೆ ಗೊತ್ತು, ಮನುಷ್ಯನಿಗೆ ಗೊತ್ತಾಗುವುದು ಚೀಟಿ ಮಾತ್ರ. ನೌಕರಿಯ ಮೊದಲ ವರ್ಷ ನಾನು ಒಂದು ಗಂಟಿಗೆ 'ಜನನ' ಎಂಬ ಚೀಟಿ ಅಂಟಿಸುವಲ್ಲಿ 'ಮರಣ' ಎಂಬ ಚೀಟಿ ಅಂಟಿಸಿ, ಮರಣದ ಗಂಟಿಗೆ ಜನನದ ಚೀಟಿ ಅಂಟಿಸಿ ಊಟಕ್ಕೆ ಹೋಗಿಬಿಟ್ಟೆ. ಮೂರು ತಿಂಗಳ ನಂತರ ಒಬ್ಬ ರೈತ ತನ್ನ ಮಗನನ್ನು ಸಾಲೆಗೆ ಹಾಕಬೇಕು, ಹುಟ್ಟಿದ ದಾಖಲೆ ಕೊಡಿ ಎಂದು ಬಂದಾಗ, ನಾವು ಹುಡುಕಿ ಹುಡುಕಿ, ನಿನ್ನ ಮಗ ಇನ್ನೂ ಹುಟ್ಟಿಲ್ಲ ಎಂದು ತಿಳಿಸಿದೆವು. ಅವನು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದ ಮಗನನ್ನು ತೋರಿಸಿದ. ಆ ದಿನ ಹೆಡ್ ಕ್ಲಾರ್ಕರು ನನ್ನನ್ನು ನೋಡಿದ ನೋಟ ಈಗಲೂ ಜ್ವರ ಬಂದಾಗ ಕಾಣುತ್ತದೆ. ಅಂದಿನಿಂದ ನಾನು ಚೀಟಿ ಅಂಟಿಸುವ ಮುಂಚೆ ಮೂರು ಸಲ ಓದುತ್ತೇನೆ, ಅಂಟಿಸಿದ ಮೇಲೆ ಎರಡು ಸಲ. ಮನೆಯಲ್ಲಿ ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿಗಳಿಗೂ ಚೀಟಿ ಅಂಟಿಸಿದ್ದೆ. ಶಾಂತಾ ಅವನ್ನು ಮರುದಿನವೇ ತೊಳೆದು ತೆಗೆದಳು. ಉಪ್ಪನ್ನು ನಾಲಿಗೆಯಿಂದ ಗುರುತಿಸುವ ಶಕ್ತಿ ತನಗಿನ್ನೂ ಇದೆ ಎಂದಳು.

ಇಂಥ ನನ್ನ ಕೈಗೆ ದಿಲ್ಲಿಯ ಕಾಗದ ಬಂತು. ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ತುಂಬಿದ ಕಾಲ ಅದು. ದಿಲ್ಲಿಯಲ್ಲಿ ಇಡೀ ದೇಶದ ಹಳೆಯ ಕಾಗದಪತ್ರಗಳನ್ನು, ಹಳೆಯ ಫೋಟೋಗಳನ್ನು ಜೋಪಾನ ಮಾಡುವ ದೊಡ್ಡ ದಫ್ತರಖಾನೆಯೊಂದು ಇದೆಯಂತೆ. ಅಂದರೆ ನನ್ನ ಕೋಣೆಯನ್ನೇ ಸಾವಿರ ಪಟ್ಟು ಹಿಗ್ಗಿಸಿ, ಇಲಿಗಳನ್ನು ತೆಗೆದುಹಾಕಿದರೆ ಆಗುವಂಥದ್ದು. ಸ್ವಾತಂತ್ರ್ಯಕ್ಕಾಗಿ ಜೇಲಿಗೆ ಹೋದವರ ಫೋಟೋಗಳು ಹಳ್ಳಿ ಪಟ್ಟಣಗಳ ಮನೆಗಳಲ್ಲಿ ಇದ್ದರೆ ತಿಳಿಸಿ, ನಮ್ಮವರೊಬ್ಬರು ಬಂದು ಒಯ್ದು, ಪ್ರತಿ ತೆಗೆದುಕೊಂಡು, ಮೂಲವನ್ನು ನಾಲ್ಕು ತಿಂಗಳೊಳಗೆ ಮರಳಿಸುತ್ತಾರೆ ಎಂದು ಬರೆದಿದ್ದರು. ಕೆಳಗೆ ಒಂದು ಷರತ್ತು. ಫೋಟೋದಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆದು, ಫೋಟೋದ ಮಾಲೀಕರು ಒಪ್ಪಿ, ಅದರಲ್ಲಿರುವವರ ಪೈಕಿ ಯಾರಾದರೂ ಬದುಕಿದ್ದರೆ ಅವರ ಸಹಿಯನ್ನೂ ಮಾಡಿಸಬೇಕು.

ನಮ್ಮ ಮನೆಯಲ್ಲೇ ಅಂಥ ಫೋಟೋ ಇತ್ತು. ನನ್ನ ಮಾವ ಚನ್ನಬಸಪ್ಪನವರು ಹರೆಯದಲ್ಲಿ ಬಸವನ ಬಾಗೇವಾಡಿಯ ಎಂಟು ಜನ ಗೆಳೆಯರೊಂದಿಗೆ ಕಾಯಿದೆ ಮುರಿದು ಜೇಲಿಗೆ ಹೋಗುವ ಹಿಂದಿನ ದಿನ ತೆಗೆಸಿದ್ದು. ಒಂಬತ್ತು ಜನ ಒಂದೇ ಸಾಲಿನಲ್ಲಿ, ಬಿಳಿ ಟೋಪಿ, ಬಿಳಿ ಅಂಗಿ, ಬಿಳಿ ಧೋತರದಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ನಿಂತಿದ್ದಾರೆ. ಮಾವನವರದೆಂದು ಉಳಿದದ್ದು ಅದೊಂದೇ ಫೋಟೋ. ಅವರು ತೀರಿಕೊಂಡ ಮೇಲೆ ಅತ್ತೆ ಅದನ್ನು ಟ್ರಂಕಿನಿಂದ ತೆಗೆಸಿ, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿಸಿದರು. ದಿನಾ ಸ್ನಾನವಾದ ಮೇಲೆ ಒಂದು ಹೂವು ಏರಿಸಿ, ಎಡದಿಂದ ನಾಲ್ಕನೆಯವರ ಹಣೆಗೆ, ಗಾಜಿನ ಮೇಲೆ, ಮೂರು ಬೆರಳಿನಿಂದ ವಿಭೂತಿ ಹಚ್ಚುತ್ತಿದ್ದರು. ನಾಲ್ಕನೆಯವರು ನೋಡಲು ಲಕ್ಷಣವಾಗಿದ್ದರು. ತುಂಬು ಮೀಸೆ, ಅಗಲ ಹಣೆ. ನಾನು ಮದುವೆಯಾಗಿ ಬಂದ ದಿನವೇ ಆ ಹಣೆಗೆ ಕೈ ಮುಗಿದು ಆಶೀರ್ವಾದ ಬೇಡಿಕೊಂಡಿದ್ದೆ. ಮಾವನವರು ಹೋದಾಗ ಶಾಂತಾ ಆರು ವರ್ಷದವಳು. ಅವಳಿಗೂ ಅಪ್ಪನೆಂದರೆ ಆ ವಿಭೂತಿಯ ಹಿಂದಿನ ಮುಖವೇ. ನಮ್ಮ ಮಗನ ಕಿವಿ ಥೇಟ್ ಅಪ್ಪನ ಕಿವಿ ಎಂದು ಆ ಫೋಟೋ ನೋಡಿಯೇ ಅವಳು ಹೇಳುತ್ತಿದ್ದಳು. ನನಗೂ ಹೌದೆನಿಸುತ್ತಿತ್ತು.

ಹೆಸರುಗಳನ್ನು ಬರೆದುಕೊಳ್ಳಲು ಕುಳಿತ ದಿನದ ಕಥೆ ಹೇಳಬೇಕು. ನಮ್ಮ ಕಡೆ ಅತ್ತೆ ಅಳಿಯನ ಮಾತು ನೇರವಾಗಿ ನಡೆಯುವುದು ಕಡಿಮೆ. ನಾನು ಶಾಂತಾಳಿಗೆ ಕೇಳುತ್ತೇನೆ, ಶಾಂತಾ ಅವ್ವನಿಗೆ ಕೇಳುತ್ತಾಳೆ, ಎರಡು ಮಾರು ದೂರದಲ್ಲಿ ಕುಳಿತ ಅತ್ತೆ ನನ್ನ ಪ್ರಶ್ನೆಯನ್ನು ಮೊದಲೇ ಕೇಳಿಸಿಕೊಂಡಿದ್ದರೂ ಮಗಳು ಕೇಳುವವರೆಗೆ ಕಾಯುತ್ತಾರೆ. ಹಾಗೆ ಅಂದು ಅತ್ತೆ ಒಬ್ಬೊಬ್ಬರನ್ನೇ ಬೆರಳಿಂದ ತೋರಿಸಿ, ಇವರು ಇಂಥ ಓಣಿಯವರು, ಇವರು ಇಂಥವರ ಮಗ, ಇವರಿಗೆ ಹಾಡಿನ ಹುಚ್ಚು ಎಂದೆಲ್ಲ ಹೇಳಿಸಿದರು. ಮೂವರಾದರು. ಅಲ್ಲಿ ಬೆರಳು ನಿಂತಿತು. ಅವರು ಸೆರಗು ಸರಿಮಾಡಿಕೊಂಡು, "ಆ ಇಬ್ಬರು ಗೊತ್ತಿದ್ದವರ ಅದಾರ, ಮತ್ತೇನು ಹೇಳೂದು" ಎಂದು ಆರನೆಯವರಿಗೆ ಹಾರಿದರು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ, ಅದು ಸರಿಯೇ. ಉಳಿದ ಎರಡು ಹೆಸರು ನಮಗೆ ಗೊತ್ತಿದ್ದವು. ಒಂದು ಮಾವನವರದು, ಇನ್ನೊಂದು ಇಂಡಿಯ ಬಳಿ ತೋಟ ಮಾಡಿಕೊಂಡಿರುವ ಗುರುಪಾದಪ್ಪನವರದು. ವಿಭೂತಿ ಇದ್ದವರು ಮಾವ. ಹಾಗಾದರೆ ಐದನೆಯವರು ಗುರುಪಾದಪ್ಪ. ಇದರಲ್ಲಿ ಕೇಳುವುದೇನಿದೆ? ಐದನೆಯವರ ಧೋತರ, ಅಂಗಿ, ಕೈ ಎಲ್ಲ ಚೆನ್ನಾಗಿ ಬಂದಿದ್ದವು, ಕುತ್ತಿಗೆಯ ಮೇಲೆ ಮಾತ್ರ ಮುಖದ ಜಾಗದಲ್ಲಿ ಒಂದು ಬಿಳಿ ಮೋಡ. ಟ್ರಂಕಿನಲ್ಲಿ ಥಂಡಿ ಹಿಡಿದು ಕೆಟ್ಟಿರಬೇಕು, ಪಾಪ ಗುರುಪಾದಪ್ಪ ಎಂದುಕೊಂಡೆ. ಹೆಸರು ಬರೆದೆ. ಮೂರು ಸಲ ಓದಿದೆ. ಮೊದಲ ಪಟ್ಟಿ ಹೀಗೆ ತಯಾರಾಯಿತು.

ಸಹಿಗಾಗಿ ಗುರುಪಾದಪ್ಪನವರಿಗೆ ಕಾಗದ ಬರೆದೆ. ಬುಧವಾರ ಸಂಜೆ, ಸಿಂದಗಿ ತಾಳಿಕೋಟೆ ಮೇಲೆ ಎರಡು ಬಸ್ಸು ಬದಲಿಸಿ, ಧೂಳಿನಲ್ಲಿ ಟೋಪಿ ಯಾವುದು ಕೂದಲು ಯಾವುದು ತಿಳಿಯದ ಹಾಗೆ ಬಂದಿಳಿದರು. ಅರವತ್ತೈದರ ಮೇಲಿನ ವಯಸ್ಸು, ಆದರೂ ಲಿಂಬೆಹಣ್ಣಿನ ಚೀಲವನ್ನು ನನ್ನ ಕೈಗೆ ಕೊಡದೆ ತಾವೇ ಹೊತ್ತು ನಡೆದರು. ನಡೆಯುವಾಗ ಮಾವನವರ ಬಗ್ಗೆಯೇ ಮಾತು. ಮಾವ ತೀರಿಕೊಂಡ ದಿನ ಬಂದು ಹೋದವರು ಮತ್ತೆ ಈ ಮನೆತನದವರ ಬಾಗಿಲಿಗೆ ಬಂದದ್ದು ಅಂದೇ. ಅತ್ತೆ ಹಿತ್ತಲಲ್ಲಿ ದನಕ್ಕೆ ನೀರು ಕುಡಿಸುತ್ತಿದ್ದರು. ಶಾಂತಾ ನೀರು ಕೊಟ್ಟು ಒಳಗೆ ಹೋದಳು. ಗುರುಪಾದಪ್ಪನವರು ಮುಖ ತೊಳೆದು, ಟವೆಲಿನಿಂದ ಒರೆಸಿಕೊಳ್ಳುತ್ತ ಫೋಟೋದ ಮುಂದೆ ನಿಂತರು. ಬಹಳ ಹೊತ್ತು ನಿಂತರು. ಗೆಳೆಯರ ನೆನಪಾಗಿ ಕಣ್ಣು ತುಂಬಿರಬೇಕು ಎಂದು ನಾನು ಸ್ವಲ್ಪ ದೂರ ಸರಿದೆ. ಅವರು ನನ್ನನ್ನು ಬೆರಳಿಂದ ಹತ್ತಿರ ಕರೆದು, ದನಿ ಇಳಿಸಿ ಕೇಳಿದರು:

"ತಮ್ಮಾ, ಈ ವಿಭೂತಿ ಯಾರು ಹಚ್ಚತಾರ?"

ಅತ್ತೆ, ದಿನಾ, ಇಪ್ಪತ್ತು ವರ್ಷದಿಂದ ತಪ್ಪದೆ ಹಚ್ಚುತ್ತಾರೆ ಎಂದು ಹೆಮ್ಮೆಯಿಂದಲೇ ಹೇಳಿದೆ.

"ಇಲ್ಲಿ ನಿಂತಾವ ನಾ ಅದೇನಿ" ಎಂದರು. "ನನಗ ಯಾಕ ಹಚ್ಚತಾರ? ನಾ ಇನ್ನೂ ಜೀವಂತ ಅದೇನಲ್ಲ."

ನಾನು ಫೋಟೋ ನೋಡಿದೆ, ಅವರನ್ನು ನೋಡಿದೆ. ಮೀಸೆ ಬೆಳ್ಳಗಾಗಿತ್ತು, ಹಣೆ ಇನ್ನಷ್ಟು ಹಿಂದಕ್ಕೆ ಹೋಗಿತ್ತು, ಆದರೆ ಆ ಕಿವಿ ಅದೇ. ನನ್ನ ಮಗನಿಗೆ ಬಂದಿದೆ ಎಂದು ನಾವು ಇಷ್ಟು ದಿನ ಸಂಭ್ರಮಿಸಿದ ಕಿವಿ. ಹಾಗಾದರೆ ಮಾವನವರು ಎಲ್ಲಿ ಎಂದು ಕೇಳಿದೆ. ಅವರು ಬಿಳಿ ಮೋಡದ ಮೇಲೆ ಬೆರಳಿಟ್ಟರು. ಫೋಟೋ ತೆಗೆಯುವ ಹೊತ್ತಿಗೆ ಚನ್ನಬಸಪ್ಪ ಅಲುಗಾಡಿದ, ಮುಖ ಬರಲೇ ಇಲ್ಲ, ಅದಕ್ಕೇ ಆ ಫೋಟೋ ಟ್ರಂಕಿನಲ್ಲಿಟ್ಟಿದ್ದ ಎಂದರು.

ಆಮೇಲೆ ಅವರು ಜಮಖಾನದ ಮೇಲೆ ಕುಳಿತು, ಎದೆಯ ಮೇಲೆ ಕೈ ಇಟ್ಟುಕೊಂಡು ಲೆಕ್ಕ ಹಾಕತೊಡಗಿದರು. ಮೊದಲ ಸಲ ಎದೆಯಲ್ಲಿ ಛಳಕ್ ಎಂದದ್ದು ಯಾವಾಗ, ಮಂಡಿ ಹಿಡಿದದ್ದು ಯಾವಾಗ, ಎಡಗಣ್ಣಿಗೆ ಪೊರೆ ಬಂದದ್ದು ಯಾವಾಗ. ಜೀವಂತ ಮನುಷ್ಯನಿಗೆ ಇಪ್ಪತ್ತು ವರ್ಷ ಸತ್ತವರ ಹೂವು ಏರಿಸಿದರೆ ಮೈಮೇಲೆ ಏನೂ ಆಗದೆ ಇದ್ದೀತೆ ಎಂದು ಅವರ ಚಿಂತೆ. ಈಗಿಂದೀಗ ಗಾಜು ಒರೆಸು ಎಂದರು. ನಾನು ಅವರ ಎರಡೂ ಕೈ ಹಿಡಿದುಕೊಂಡೆ. ನೀವು ನಿಮ್ಮ ಎದೆಯ ಬಗ್ಗೆ ಯೋಚಿಸುತ್ತೀರಿ, ನಾನು ಅತ್ತೆಯ ಎದೆಯ ಬಗ್ಗೆ ಯೋಚಿಸುತ್ತಿದ್ದೇನೆ ಎಂದೆ. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಪರಪುರುಷನ ಹಣೆ ಮುಟ್ಟಿದೆ ಎಂದು ತಿಳಿದರೆ ಆ ಹೆಣ್ಣುಮಗಳು ಉಳಿಯುತ್ತಾಳೆಯೇ? ಊಟ ಬಿಟ್ಟುಬಿಟ್ಟಾಳು. ಪಾಪ ಮಾಡಿದೆ ಎಂದು ಕೊರಗಿ ಹಾಸಿಗೆ ಹಿಡಿದಾಳು. ಗಾಜು ಒರೆಸಿದರೆ ಕೇಳುತ್ತಾಳೆ, ಕೇಳಿದರೆ ಹೇಳಬೇಕಾಗುತ್ತದೆ. ಗುರುಪಾದಪ್ಪನವರು ಮೆತ್ತಗಿನ ಮನುಷ್ಯ. ಒಂದು ದಿನದ ಮಟ್ಟಿಗೆ ಸತ್ತಿರಲು ಒಪ್ಪಿದರು. ಆದರೆ ಸುಳ್ಳು ಕಾಗದಕ್ಕೆ ಮಾತ್ರ ಸಹಿ ಮಾಡುವುದಿಲ್ಲ ಎಂದರು. ಜೇಲು ಕಂಡ ಕೈಯಂತೆ ಅದು.

ಈಗ ನನ್ನ ಪರಿಸ್ಥಿತಿ ನೋಡಿರಿ. ದಿಲ್ಲಿಯ ದಫ್ತರಖಾನೆಗೆ ತಪ್ಪು ಹೆಸರು ಕಳಿಸಿದರೆ ಅದು ಕೆಂಪು ಗಂಟಿನ ಚೀಟಿಯಂತೆ ತಿದ್ದಿ ಮುಗಿಯುವ ತಪ್ಪಲ್ಲ, ದೇಶ ಇರುವವರೆಗೆ ಇರುವ ತಪ್ಪು. ಮುಂದೆ ಯಾರೋ ಪುಸ್ತಕ ಬರೆಯುವವರು ಇವರೇ ಚನ್ನಬಸಪ್ಪ ಎಂದು ಗುರುಪಾದಪ್ಪನವರ ಮೀಸೆಯನ್ನು ಅಚ್ಚು ಹಾಕಿಸುತ್ತಾರೆ. ಸರಿಯಾದ ಹೆಸರು ಕಳಿಸಿದರೆ ಮನೆಯಲ್ಲಿ ಒಂದು ಜೀವ ಹೋಗುತ್ತದೆ. ಅತ್ತೆಗೆ ಓದು ಬರಹ ಬಾರದು ಎಂಬುದೊಂದೇ ನನಗೆ ಉಳಿದ ದಾರಿ. ಕಂದೀಲು ಹಚ್ಚುವ ಮುಂಚೆಯೇ ಎರಡನೆಯ ಪಟ್ಟಿ ಬರೆದೆ, ನಾಲ್ಕನೆಯವರು ಗುರುಪಾದಪ್ಪ, ಐದನೆಯವರು ಚನ್ನಬಸಪ್ಪ. ಅದನ್ನು ಬಲಕಿಸೆಯಲ್ಲಿ ಇಟ್ಟೆ. ಹಳೆಯದು ಎಡಕಿಸೆಯಲ್ಲಿ. ಎಡದ್ದನ್ನು ಅತ್ತೆಗೆ ಕೇಳಿಸುವಂತೆ ಓದುವುದು, ಬಲದ್ದನ್ನು ಸಾಹೇಬರ ಕೈಗೆ ಕೊಡುವುದು. ಹೇಳುವುದಕ್ಕೆ ಸುಲಭ. ಆದರೆ ಎಡ ಯಾವುದು ಬಲ ಯಾವುದು ಎಂಬ ಸಂಶಯ ಹುಟ್ಟಿ ಐದು ನಿಮಿಷಕ್ಕೊಮ್ಮೆ ತೆಗೆದು ನೋಡತೊಡಗಿದೆ. ತೆಗೆದು ನೋಡಿ ಮತ್ತೆ ಅದೇ ಕಿಸೆಯಲ್ಲಿಟ್ಟೆನೋ ಇಲ್ಲವೋ ಎಂದು ಮತ್ತೆ ತೆಗೆದೆ. ಊಟಕ್ಕೆ ಕುಳಿತಾಗಲೂ ಕೈ ಕಿಸೆಯ ಮೇಲೇ ಇತ್ತು. ಶಾಂತಾ ರೊಟ್ಟಿ ಹಾಕುತ್ತ ನನ್ನನ್ನು ಒಂದು ಥರ ನೋಡಿದಳು. ಊಟವಾದ ಮೇಲೆ ಅವ್ವ ಕೊಡಲು ಹೇಳಿದಳೆಂದು ಒಂದು ಬಟ್ಟಲು ಅಜವಾನದ ಕಷಾಯ ತಂದಿಟ್ಟಳು. ಯಾಕೆಂದು ಕೇಳುವ ಧೈರ್ಯವಿಲ್ಲದೆ ಕುಡಿದೆ.

ಹೀಗೆ ಗುರುವಾರ ಬೆಳಗಾಯಿತು. ದಿಲ್ಲಿಯ ಸಾಹೇಬರೆಂದರೆ ನಾನು ಕೋಟು ಬೂಟಿನ ದಪ್ಪ ಮನುಷ್ಯನನ್ನು ಎಣಿಸಿದ್ದೆ. ಬಂದವರು ಮೈಸೂರು ಕಡೆಯ ಸಣಕಲು ತರುಣ. ಚಪ್ಪಲಿಯನ್ನು ಹೊರಗೇ ಬಿಟ್ಟು, ಫೋಟೋಕ್ಕೆ ಕೈ ಮುಗಿದು, ಅತ್ತೆಗೆ "ಚೆನ್ನಾಗಿದ್ದೀರಾ ಅಜ್ಜಿ" ಎಂದು ಕೇಳಿದರು. ಆರಾಮ ಎಂದು ಉತ್ತರ ಬಾಗಿಲ ಹಿಂದಿನಿಂದ ನೇರವಾಗಿ ಬಂತು. ಮದುವೆಯಾದ ಎಂಟು ವರ್ಷದಲ್ಲಿ ನನಗೆ ದೊರಕದ ಭಾಗ್ಯ ಅವರಿಗೆ ಒಂದು ನಿಮಿಷದಲ್ಲಿ ದೊರಕಿತು. ಸಾಹೇಬರು ಫೋಟೋವನ್ನು ಕೆಳಗಿಳಿಸಿ ಬೆಳಕಿಗೆ ಹಿಡಿದು, ಗಾಜಿನ ಮೇಲಿನ ಬಿಳಿ ಪಟ್ಟೆಗಳನ್ನು ನೋಡಿ, ಇವರು ಮನೆಯ ಯಜಮಾನರೇನೋ ಎಂದರು. ನಾನು ಕೆಮ್ಮಿದೆ. ಗುರುಪಾದಪ್ಪನವರು ಛಾವಣಿ ನೋಡತೊಡಗಿದರು. ಸಾಹೇಬರು ಪುಸ್ತಕ ಬಿಚ್ಚಿ, ಬಹಳ ವಿನಯದಿಂದ, ನನ್ನ ಯೋಜನೆಯನ್ನೆಲ್ಲ ಮಣ್ಣುಪಾಲು ಮಾಡುವ ಒಂದು ಮಾತು ಹೇಳಿದರು. ಪಟ್ಟಿ ಆಮೇಲೆ ಕೊಡಿ, ನಮ್ಮ ಪದ್ಧತಿಯಲ್ಲಿ ಎಲ್ಲರ ಮುಂದೆ ಒಬ್ಬೊಬ್ಬರ ಮುಖದ ಮೇಲೆ ಬೆರಳಿಟ್ಟು ಹೆಸರು ಹೇಳಬೇಕು, ಮನೆಯವರು ಹೌದೆನ್ನಬೇಕು, ನಾನು ಬರೆದುಕೊಳ್ಳುತ್ತೇನೆ ಎಂದರು.

ಬೆರಳಿಟ್ಟೆ. ಮೊದಲನೆಯವರು. ಬಾಗಿಲ ಹಿಂದಿನಿಂದ, ಹೌದ್ರಿ. ಎರಡನೆಯವರು. ಹೌದ್ರಿ. ಮೂರನೆಯವರಿಗೆ ಹಾಡಿನ ಹುಚ್ಚು ಇತ್ತೆಂಬುದನ್ನೂ ಸೇರಿಸಿ, ಅವರು ಯಾವ ಯಾವ ಹಾಡು ಹಾಡುತ್ತಿದ್ದಿರಬಹುದು, ಹಾಡಿನಿಂದ ದೇಶಕ್ಕೆ ಎಷ್ಟು ಉಪಕಾರವಾಯಿತು ಎಂದು ನಾನು ಸ್ವಲ್ಪ ಹೊತ್ತು ಮಾತಾಡಿದೆ. ಸಾಹೇಬರು ತಾಳ್ಮೆಯಿಂದ ಕೇಳಿ, ನಾಲ್ಕನೆಯವರು ಎಂದರು. ಬೆರಳು ವಿಭೂತಿಯ ಮೇಲೆ ಬಂತು. ಚ ಎಂದರೆ ದೇಶಕ್ಕೆ ಮೋಸ, ಗು ಎಂದರೆ ಅತ್ತೆಗೆ ಮೋಸ. ನಾಲ್ಕನೆಯವರು, ನಾಲ್ಕನೆಯವರು ಎಂದು ಎರಡು ಸಲ ಅಂದೆ. ಜಮಖಾನದ ಮೇಲೆ ಗುರುಪಾದಪ್ಪನವರು ಎದೆಯ ಮೇಲೆ ಕೈ ಇಟ್ಟುಕೊಂಡರು.

ಆಗ ಅತ್ತೆ ಬಾಗಿಲು ದಾಟಿ ಹೊರಗೆ ಬಂದರು. ಗುರುಪಾದಪ್ಪನವರ ಕಡೆ ಕೈ ತೋರಿಸಿದರು.

"ಅವರು ಈ ಅಣ್ಣಾರು. ಬರಕೋರಿ" ಎಂದರು. "ನಮ್ಮ ಮನಿಯವರು ಅವರ ಬಾಜೂಕ ಅದಾರ. ಮಾರಿ ಇಲ್ಲದವರು."

ಶಾಂತಾ ಅವ್ವನ ಮುಖವನ್ನೇ ನೋಡುತ್ತಿದ್ದಳು. ಹಾಗಾದರೆ ಇಷ್ಟು ವರ್ಷ ಕೈ ಮುಗಿಸಿದ್ದು ಯಾರಿಗೆ ಎಂದು ಕೇಳಿದಳು, ದನಿ ಅರ್ಧ ಅಳುವಿನದು, ಅರ್ಧ ಸಿಟ್ಟಿನದು. ನಿನಗೆ ಮೊದಲಿಂದ ಗೊತ್ತಿತ್ತೇನು ಎಂದಳು.

"ಇಪ್ಪತ್ತೆರಡು ವರ್ಷ ಬಾಳೇವು ಮಾಡೇನಿ" ಎಂದರು ಅತ್ತೆ. "ಗಂಡನ ಮಾರಿ ನನಗ ಗೊತ್ತಿಲ್ಲೇನ? ಅವರು ಅಲುಗಾಡ್ಯಾರ. ವಿಭೂತಿ ಎಲ್ಲಿ ಹಚ್ಚಲಿ, ಮೋಡಕ್ಕ ಹಚ್ಚಾಕ ಬರತೈತೇನು? ಹಣಿ ಬೇಕಲ್ಲ. ಬಾಜೂಕ ಗೆಳ್ಯಾನ ಹಣಿ ಇತ್ತು. ಹೆಗಲ ಮ್ಯಾಲ ಕೈ ಹಾಕ್ಯಾರ ನೋಡು. ಇಲ್ಲಿ ಹಚ್ಚಿದ್ದು ಅಲ್ಲಿಗೆ ಮುಟ್ಟತೈತಿ ಅಂದೆ."

ಇಷ್ಟು ಸರಳವಾದ ಮಾತು. ಎಂಟು ವರ್ಷ ಒಂದೇ ಮನೆಯಲ್ಲಿದ್ದು ನಾವ್ಯಾರೂ ಕೇಳಲಿಲ್ಲ, ಕೇಳದೆ ಅವರು ಹೇಳಲಿಲ್ಲ. ಗುರುಪಾದಪ್ಪನವರ ಕಡೆ ತಿರುಗಿ, ನಿಮ್ಮನ್ನು ಒಂದು ಮಾತು ಕೇಳದೆ ಹೀಗೆ ಮಾಡಿದೆ, ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ ಎಂದು ಅತ್ತೆ ಕೈ ಮುಗಿದರು. ಗುರುಪಾದಪ್ಪನವರು ಎದೆಯ ಮೇಲಿನ ಕೈ ತೆಗೆದರು. ನಿನ್ನೆಯ ಲೆಕ್ಕವನ್ನು ಬಹುಶಃ ತಲೆಯಲ್ಲೇ ತಿರುಗಿಸಿ ಹಾಕಿದರೆಂದು ಕಾಣುತ್ತದೆ.

"ಅವನಿಗೆ ಮುಟ್ಟೇತೋ ಇಲ್ಲೋ ಶಿವಾ ಬಲ್ಲ, ತಂಗಿ" ಎಂದರು. "ನನಗಂತೂ ಮುಟ್ಟೇತಿ. ಈ ಒಂಬತ್ತು ಮಂದ್ಯಾಗ ಉಳಿದಾವ ನಾ ಒಬ್ಬನ."

ಸಾಹೇಬರು ಬರೆಯುವುದನ್ನು ನಿಲ್ಲಿಸಿ ಐದನೆಯವರನ್ನು ಭೂತಗನ್ನಡಿಯಿಂದ ನೋಡುತ್ತಿದ್ದರು. ಥಂಡಿ ಹಿಡಿದದ್ದಲ್ಲ, ಆ ಕಾಲದ ಕ್ಯಾಮರಾದ ಮುಂದೆ ಕಣ್ಣೆವೆ ಬಡಿಯದೆ ನಿಲ್ಲಬೇಕಿತ್ತು, ತಲೆ ತಿರುಗಿಸಿದವರು ಹೀಗೆ ಹೊಗೆಯಾಗಿ ಬರುತ್ತಿದ್ದರು ಎಂದು ನಮಗೆ ತಿಳಿಸಿ ಹೇಳಿದರು. ಆದರೆ ಎಂಟು ಜನ ಕಲ್ಲಿನ ಹಾಗೆ ನಿಂತಿದ್ದಾರೆ, ಇವರೊಬ್ಬರೇ ಏಕೆ ಅಲುಗಾಡಿದರು ಎಂದು ಗುರುಪಾದಪ್ಪನವರನ್ನು ಕೇಳಿದರು. ಗುರುಪಾದಪ್ಪನವರು ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮು ನಿಂತು ಮತ್ತೆ ನಗುವಾಯಿತು.

"ಫೋಟೋದಾಂವ ಕರಿ ಅರಿವಿಯೊಳಗ ತಲಿ ಹಾಕಿ ಒದರಿದನ್ರಿ, ಯಾರೂ ಅಲುಗಾಡಬಾರದು ಅಂತ. ನಾವು ಉಸರ ಹಿಡಕೊಂಡು ನಿಂತೆವು. ಚನಬಸ್ಯಾ ಸುಮ್ಮನ ನಿಲ್ಲಲಿಲ್ಲ. ಯಾಕ ಅಲುಗಾಡಬಾರದು ಅಂತ ಕೇಳಿದ. ಅಷ್ಟರಾಗ ಫೋಟೋ ಆಗಿ ಹೋಗಿತ್ತು."

ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಮನೆಯಲ್ಲೂ ನಿನ್ನ ಅಪ್ಪ ಹಾಗೇ ಇದ್ದರು, ಉಪ್ಪು ಕಡಿಮೆ ಆಗಿದೆ ಎಂದು ನಾನೇ ಒಪ್ಪಿಕೊಂಡರೂ ಯಾಕೆ ಕಡಿಮೆ ಆಯಿತು ಎಂದು ಕೇಳುತ್ತಿದ್ದರು ಎಂದು ಮಗಳಿಗೆ ಹೇಳಿದರು. ಶಾಂತಾ ತಟ್ಟೆಯನ್ನು ನೆಲದ ಮೇಲಿಟ್ಟು, ಅವ್ವನ ಪಕ್ಕ ಕುಳಿತು, ಮೊದಲ ಸಲ ಆ ಬಿಳಿ ಮೋಡವನ್ನು ಹತ್ತಿರದಿಂದ ನೋಡಿದಳು. ಇಲ್ಲಿ ಒಂದು ಬದಿ ಸ್ವಲ್ಪ ಕಪ್ಪಗಿದೆ, ಇದು ಮೀಸೆಯೇ ಎಂದು ಕೇಳಿದಳು. ಮೀಸೆಯೇ, ಆದರೆ ಅದು ಒಂದಲ್ಲ, ತಿರುಗಿದ್ದರಿಂದ ಎರಡಾಗಿದೆ ಎಂದರು ಅತ್ತೆ. ಅವರು ಅದನ್ನು ಎಷ್ಟು ಸಲ ನೋಡಿದ್ದರೋ.

ಸಾಹೇಬರು ಷರಾ ಎಂಬ ಕಾಲಮ್ಮಿನಲ್ಲಿ ಏನನ್ನೋ ಇಂಗ್ಲಿಷಿನಲ್ಲಿ ಬರೆದರು. ಏನು ಬರೆದಿರಿ ಎಂದು ಅತ್ತೆ ಕೇಳಿದರು. ಅಲುಗಾಡಿದ್ದರಿಂದ ಮುಖ ಸ್ಪಷ್ಟವಿಲ್ಲ ಅಂತ, ಅಜ್ಜಿ, ಎಂದರು ಸಾಹೇಬರು.

"ಹಂಗ ಬರೀಬ್ಯಾಡ್ರಿ" ಎಂದರು ಅತ್ತೆ. "ಯಾಕ ಅಂತ ಕೇಳಿದ್ರು ಅಂತ ಬರೀರಿ."

ತರುಣ ಸಾಹೇಬರು ಒಂದು ಗಳಿಗೆ ಪೆನ್ನನ್ನು ತುಟಿಗೆ ಒತ್ತಿಕೊಂಡು ಕುಳಿತರು. ಆಮೇಲೆ ಬರೆದದ್ದನ್ನು ಹೊಡೆದುಹಾಕಿ, ಹೊಸದಾಗಿ ಬರೆದು, ಅದನ್ನು ಕನ್ನಡದಲ್ಲಿ ಓದಿ ಹೇಳಿದರು. ಅತ್ತೆ ಹೌದ್ರಿ ಎಂದು ಹೆಬ್ಬೆಟ್ಟು ಒತ್ತಿದರು. ಗುರುಪಾದಪ್ಪನವರು ದೊಡ್ಡ ಅಕ್ಷರದಲ್ಲಿ ಸಹಿ ಮಾಡಿ, ಸಹಿಯ ಮುಂದೆ 'ಎಡದಿಂದ ನಾಲ್ಕನೆಯವ, ಜೀವಂತ' ಎಂದು ಸೇರಿಸಿದರು. ಎಲ್ಲ ಮುಗಿದ ಮೇಲೆ ಸಾಹೇಬರು ನನ್ನ ಕಡೆ ತಿರುಗಿ, ಪಟ್ಟಿ ತಯಾರಿಸಿದ್ದೀರಂತಲ್ಲ, ಅದನ್ನೂ ಕೊಡಿ, ಜೊತೆಗಿಡೋಣ ಎಂದರು. ನಾನು ಬಲಕಿಸೆಗೆ ಕೈ ಹಾಕಿ ಕಾಗದ ತೆಗೆದು ಕೊಟ್ಟೆ. ಅದು ಸರಿಯಾದ ಪಟ್ಟಿಯೇ ಆಗಿತ್ತು, ಮೂರು ಸಲ ನೋಡಿಯೇ ಕೊಟ್ಟೆ. ಬದುಕಿದೆ ಎಂದು ಉಸಿರು ಬಿಡುವಷ್ಟರಲ್ಲಿ ಅತ್ತೆ, ಎಂಟು ವರ್ಷದಲ್ಲಿ ಮೊದಲ ಸಲ, ಶಾಂತಾಳನ್ನು ದಾಟಿ ನೇರವಾಗಿ ನನ್ನೊಡನೆ ಮಾತಾಡಿದರು.

"ಅಳಿಯಾರ, ಎಡಗಡೆ ಕಿಸೆದಾಗಿಂದು?"

ಏನೂ ಇಲ್ಲ ಎಂದೆ.

"ನಿನ್ನಿ ಸಂಜೀಯಿಂದ ಎರಡೂ ಕಿಸೆ ಹಿಡಕೊಂಡು ಅಡ್ಡಾಡಾಕತ್ತೀರಿ. ಹೊಟ್ಟಿ ಹಿಡದೈತೇನೋ ಅಂತ ಅಜವಾನ ಕುದಿಸಿ ಕಳಿಸಿದ್ದೆ" ಎಂದರು.

ಹೀಗೆ ಓದು ಬಾರದ ಹೆಣ್ಣುಮಗಳು ನನ್ನನ್ನು ಓದಿ ಮುಗಿಸಿ ಒಳಗೆ ಹೋದರು. ನಾನು ಎಡಕಿಸೆಯ ಪಟ್ಟಿಯನ್ನು ಒಲೆಗೆ ಹಾಕಿದೆ. ಸಾಹೇಬರು ಫೋಟೋವನ್ನು ಕಟ್ಟಿನೊಡನೆ ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಮೇಲೆ ಚೀಟಿ ಅಂಟಿಸಿದರು. ಅಂಟಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮಧ್ಯಾಹ್ನದ ಬಸ್ಸಿಗೆ ಅವರು ವಿಜಾಪುರದ ಕಡೆ ಹೋದರು, ಗುರುಪಾದಪ್ಪನವರು ಸಿಂದಗಿಯ ಕಡೆ. ಹೋಗುವಾಗ ಗುರುಪಾದಪ್ಪನವರು ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, ವಿಭೂತಿ ನಿಲ್ಲಿಸಬೇಡಿರೆಂದು ತಂಗಿಗೆ ಹೇಳು ಎಂದು ನನಗೆ ಎರಡು ಸಲ ಕೂಗಿ ಹೇಳಿದರು.

ಮರುದಿನ ಶುಕ್ರವಾರ. ನಾನು ಸ್ನಾನ ಮುಗಿಸಿ ಪಡಸಾಲೆಗೆ ಬಂದಾಗ ಗೋಡೆಯ ಮೊಳೆ ಖಾಲಿ ಇರಲಿಲ್ಲ. ಹಿಂದಿನ ಊರಿನಿಂದ ನನಗೆ ವರ್ಗವಾದಾಗ ಕಚೇರಿಯವರು ಬೀಳ್ಕೊಟ್ಟು ತೆಗೆಸಿದ ಗುಂಪು ಫೋಟೋವನ್ನು ಅತ್ತೆ ನನ್ನ ಟ್ರಂಕಿನಿಂದ ತೆಗೆಸಿ ಅಲ್ಲಿ ತೂಗುಹಾಕಿಸಿದ್ದರು. ಹನ್ನೆರಡು ಜನರ ನಡುವೆ ಹಾರ ಹಾಕಿಕೊಂಡು ಕುರ್ಚಿಯ ಮೇಲೆ ಕುಳಿತ ನನ್ನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೇಲೆ ಒಂದು ಕಣಗಿಲ ಹೂವು. ನನ್ನ ಎದೆ ಛಳಕ್ ಎಂದಿತು. ಇದೇನು ಎಂದು ಶಾಂತಾಳನ್ನು ಕೇಳಿದೆ. ದಿಲ್ಲಿಯಿಂದ ಅಪ್ಪನ ಫೋಟೋ ಬರುವವರೆಗೆ ದಿನದ ವಿಭೂತಿ ತಪ್ಪಬಾರದಲ್ಲ, ಜೀವಂತ ಇದ್ದವರ ಹಣೆಯೂ ನಡೆಯುತ್ತದೆಂದು ಈಗ ಗೊತ್ತಾಯಿತಲ್ಲ, ಅದಕ್ಕೆ ಎಂದಳು. ಹನ್ನೆರಡು ಜನರಲ್ಲಿ ನಾನೇ ಯಾಕೆ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಅಡುಗೆಮನೆಯಿಂದ ಅತ್ತೆಯೇ ಹೇಳಿದರು.

"ಅಳಿಯಾರ ಮಾರಿ ಭಾಳ ಸ್ವಚ್ಛ ಬಂದೈತಿ. ಒಂದೀಟೂ ಅಲುಗಾಡಿಲ್ಲ."

ಹೇಳಿದ ಮಾತಿನಂತೆ ನಾಲ್ಕು ತಿಂಗಳಿಗೆ ದಿಲ್ಲಿಯಿಂದ ಫೋಟೋ ಮರಳಿ ಬಂತು. ಅಲ್ಲಿಯವರೆಗೆ ಅತ್ತೆ ದಿನಾ ಬೆಳಿಗ್ಗೆ ನನಗೆ ವಿಭೂತಿ ಹಚ್ಚಿದರು, ನಾನು ದಿನಾ ಅದರ ಕೆಳಗೇ ಕುಳಿತು ಚಹಾ ಕುಡಿದು ಕಚೇರಿಗೆ ಹೋದೆ.